ಎರಡು ವಾರದ ಲೆನ್ಸೂ ತ್ರಾಟಕದ ಮಹಿಮೆಯೂ

ಪ್ರಹ್ಲಾದ ಕನ್ನಡಕ ಬಿಡಬೇಕೆಂದು ತೀರ್ಮಾನಿಸಿದ್ದು ಚೆಲುವಿನ ಆಸೆಯಿಂದಲ್ಲ. ಅದಕ್ಕೆ ಕಾರಣ ಒಂದು ಬಟ್ಟಲು ಉದೋನ್ ಎಂಬ ದಪ್ಪ ಶಾವಿಗೆಯ ಸಾರು. ಆ ಸಾರಿನಲ್ಲಿ ಮೀನಿದೆಯೇ ಎಂದು ವಿಚಾರಿಸುವುದನ್ನು ಅವನು ಜಪಾನಿಗೆ ಬಂದ ಎರಡನೆಯ ವರ್ಷಕ್ಕೇ ಬಿಟ್ಟಿದ್ದ. ಮೈಸೂರಿನ ಸರಸ್ವತಿಪುರಂನ ಹುಡುಗ, ಮೂರನೇ ಕ್ಲಾಸಿನಿಂದ ಕನ್ನಡಕಧಾರಿ, ಈಗ ಟೋಕಿಯೋದ ಶಿನಾಗಾವಾದಲ್ಲಿ ಸಾಫ್ಟ್‌ವೇರ್ ಕೆಲಸ. ಒಂದು ಮಧ್ಯಾಹ್ನ ಮ್ಯಾನೇಜರ್ ಹಿರಾನೊ ಸಾನ್, ಅಂದರೆ ಹಿರಾನೊ ಅವರ, ಜೊತೆ ಕ್ಲೈಂಟೊಬ್ಬರ ಎದುರು ಊಟಕ್ಕೆ ಕೂತಿದ್ದಾಗ ಬಟ್ಟಲಿನ ಬಿಸಿ ಹಬೆ ಕನ್ನಡಕಕ್ಕೆ ಅಡರಿತು. ಜಗತ್ತು ಬೆಳ್ಳಗಾಯಿತು. ಕನ್ನಡಕ ತೆಗೆದು ಒರೆಸಿಕೊಂಡರೆ ದಡ್ಡನ ಹಾಗೆ ಕಾಣುತ್ತೇನೆಂದು ನಮ್ಮ ಪ್ರಹ್ಲಾದ ಅಂದಾಜಿನ ಮೇಲೆ ಊಟದ ಕಡ್ಡಿ ಚಾಚಿದ. ಸಿಕ್ಕಿದ ಕುಂಬಳಕಾಯಿ ಬಜ್ಜಿಯನ್ನು ಬಾಯಿಗೆ ಹಾಕಿಕೊಂಡು ಅಗಿದ. ಹಬೆ ಇಳಿದ ಮೇಲೆ ನೋಡಿದರೆ ಅದು ಕ್ಲೈಂಟಿನ ತಟ್ಟೆಯ ಬಜ್ಜಿ.

ಕ್ಲೈಂಟ್ ಬೇಸರಪಟ್ಟುಕೊಳ್ಳಲಿಲ್ಲ. "ದೋಜೊ", ಅಂದರೆ ತಗೊಳ್ಳಿ, ಎಂದು ತಟ್ಟೆಯನ್ನೇ ಇವನ ಕಡೆ ಸರಿಸಿದರು. ವಾಪಸು ಬರುವಾಗ ರೈಲಿನಲ್ಲಿ ಹಿರಾನೊ ಸಾನ್ ಬಹಳ ಹೊತ್ತು ಯೋಚಿಸಿ, "ಅತಿಥಿಯ ತಟ್ಟೆಯಿಂದ ತಿನ್ನುವುದು ಭಾರತದಲ್ಲಿ ಸ್ನೇಹದ ಗುರುತೇ?" ಎಂದು ಕೇಳಿದರು. ಪ್ರಹ್ಲಾದ ಹೌದೆಂದ. ಮರುದಿನ ಹಿರಾನೊ ಸಾನ್ ಅತ್ಯಂತ ಗೌರವದಿಂದ ಅವನ ಡಬ್ಬಿಯೊಳಗೆ ಕಡ್ಡಿ ಹಾಕಿ ಒಂದು ಇಡ್ಲಿ ಎತ್ತಿಕೊಂಡರು. ಅಂದಿನಿಂದ ಡಬ್ಬಿಗೆ ಒಂದು ಇಡ್ಲಿ ಜಾಸ್ತಿ ಹಾಕಿಸಿಕೊಳ್ಳಬೇಕಾಯಿತು. ಸುಳ್ಳು ಹೇಳುವವನು ಮೊದಲು ಕೈಬಿಚ್ಚಿ ಖರ್ಚು ಮಾಡಬೇಕಾಗುತ್ತದೆ ಎಂಬ ಪಾಠ ಅಲ್ಲೇ ಇತ್ತು, ಅವನು ಕಲಿಯಲಿಲ್ಲ ಅಷ್ಟೆ.

ಬಜ್ಜಿ ತಿಂದ ದಿನದ ಸಂಜೆಯೇ ಫೋನಿನಲ್ಲಿ ಕಾಂಟ್ಯಾಕ್ಟ್ ಲೆನ್ಸ್ ತರಿಸಿದ. ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದು ಆ್ಯಪ್ ಮತ್ತೆ ಮತ್ತೆ ಹೇಳಿತು. ಆದರೆ ಇಂಥ ಸಂದೇಶಗಳನ್ನು ಬರೆಯುವುದೇ ಅವನ ಹೊಟ್ಟೆಪಾಡು. ಅವನ್ನು ಯಾರೂ ಓದುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. 'ಒಪ್ಪಿದೆ' ಎಂದು ಒತ್ತಿದ. ಹಳೆಯ ಕನ್ನಡಕದ ನಂಬರನ್ನೇ ತುಂಬಿದ. ಮನೆಯ ಕೆಳಗಿನ ಕೊಂಬಿನಿ ಎಂಬ ಸಣ್ಣ ಅಂಗಡಿಗೆ ಪೊಟ್ಟಣ ಬಂತು. ಅದು ಎರಡು ವಾರ ಬಳಸಿ ಎಸೆಯುವ ಲೆನ್ಸ್. ದಿನಾ ರಾತ್ರಿ ತೆಗೆದು, ತೊಳೆದು, ಬೆಳಿಗ್ಗೆ ಹಾಕಿಕೊಂಡು, ಎರಡು ವಾರಕ್ಕೆ ಎಸೆಯಬೇಕು. ಪ್ರಹ್ಲಾದ ಅರ್ಥ ಮಾಡಿಕೊಂಡದ್ದು, ಒಮ್ಮೆ ಹಾಕಿದರೆ ಎರಡು ವಾರ ಆ ಕಡೆ ತಿರುಗಿ ನೋಡಬೇಕಾಗಿಲ್ಲ ಎಂದು. ಸೂಚನೆಯ ಹಾಳೆ ಪೂರ್ತಿ ಜಪಾನಿಯಲ್ಲಿತ್ತು. ಅದರಲ್ಲಿ ಕೈ ತೊಳೆಯುವ ಚಿತ್ರವಿತ್ತು, ನಲ್ಲಿಯ ಮೇಲೆ ಕೆಂಪು ಗೀಟು ಎಳೆದ ಚಿತ್ರವಿತ್ತು, ಮಲಗಿದವನ ಮೇಲೂ ಕೆಂಪು ಗೀಟಿತ್ತು. ಚಿತ್ರಗಳು ಮಕ್ಕಳಿಗೆಂದು ತಿಳಿದು ಮಡಿಸಿಟ್ಟ.

ಶನಿವಾರ ಬೆಳಿಗ್ಗೆ ಬಚ್ಚಲುಮನೆ ಸೇರಿ ಅಗುಳಿ ಹಾಕಿಕೊಂಡ. ಬೆರಳು ಹತ್ತಿರ ಬಂದಾಗಲೆಲ್ಲ ಕಣ್ಣು ತಾನೇ ಮುಚ್ಚಿಕೊಳ್ಳುತ್ತಿತ್ತು. ಲೆನ್ಸ್ ಒಮ್ಮೆ ಮೂಗಿಗಂಟಿತು, ಒಮ್ಮೆ ಮೀಸೆಗೆ, ಒಮ್ಮೆ ಮಾಯವೇ ಆಗಿ ಕೊನೆಗೆ ಮೊಣಕೈಯಲ್ಲಿ ಸಿಕ್ಕಿತು.

"ರೀ, ಒಳಗೇ ನಿದ್ದೆ ಹೋದ್ರಾ?" ಹೆಂಡತಿ ವಸುಂಧರಾ ಬಾಗಿಲು ಬಡಿದಳು. "ಚಂದ್ರಪ್ರಭಾ ಆಂಟಿ ಬಂದಿದಾರೆ."

ಎರಡೂ ಕಣ್ಣಿಗೆ ಲೆನ್ಸ್ ಕೂತು ಕನ್ನಡಿಯಲ್ಲಿ ತನ್ನ ಮುಖ ಸ್ಪಷ್ಟವಾಗಿ ಕಂಡಾಗ ಅವನಿಗೆ ರೋಮಾಂಚನವಾಯಿತು. ಇಷ್ಟು ವರ್ಷ ಕನ್ನಡಕ ತೆಗೆದರೆ ಮುಖ ಮಸುಕು, ಹಾಕಿದರೆ ಮುಖದ ಮೇಲೆ ಕನ್ನಡಕ. ತಾನು ಅಂದುಕೊಂಡದ್ದಕ್ಕಿಂತ ಸ್ವಲ್ಪ ಕೆಟ್ಟದಾಗಿದ್ದೇನೆ ಅನ್ನಿಸಿದರೂ ಧೈರ್ಯ ತಂದುಕೊಂಡು ಹೊರಗೆ ಬಂದ. ಲೆನ್ಸ್ ವಿಷಯವನ್ನು ವಸುವಿಗೆ ಹೇಳಿ ಬೆರಗುಗೊಳಿಸಬೇಕೆಂದಿದ್ದ. ಆದರೆ ಸೋಫಾದ ಮೇಲೆ ಚಂದ್ರಪ್ರಭಾ ಆಂಟಿ ಕೂತಿದ್ದರು. ಅವರು ಪ್ರಹ್ಲಾದನ ಮನೆಯಿದ್ದ ನಿಶಿ-ಕಸಾಯಿ ಬಡಾವಣೆಯ ಕನ್ನಡ ಬಳಗಕ್ಕೆ ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಆಕಾಶವಾಣಿ. ಸಂಕ್ರಾಂತಿಯಲ್ಲಿ ಲೆನ್ಸ್ ಹಾಕಿಕೊಂಡು ಬಂದಿದ್ದ ಶ್ರೀಹರ್ಷನೆಂಬ ಪಾಪದವನಿಗೆ 'ಹೀರೋಯಿನ್' ಎಂದು ಹೆಸರಿಟ್ಟಿದ್ದರು. ಆ ಹೆಸರು ಇನ್ನೂ ಅವನಿಂದ ಕಳಚಿರಲಿಲ್ಲ.

"ಏನೋ ಪ್ರಹ್ಲಾದ, ಕನ್ನಡಕ ಎಲ್ಲಿ? ನೀನೂ ಹೀರೋಯಿನ್ ಆದ್ಯಾ?"

"ಛೆ ಛೆ, ಇಲ್ಲ ಆಂಟಿ," ಎಂದ ಪ್ರಹ್ಲಾದ. ಮುಂದಿನ ಮಾತು ಎಲ್ಲಿಂದ ಬಂತೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. "ಯೋಗ. ತ್ರಾಟಕ ಅಂತ. ದೀಪ ನೋಡೋದು. ಆರು ತಿಂಗಳಿಂದ ದಿನಾ ಬೆಳಿಗ್ಗೆ ಬಾಲ್ಕನೀಲಿ ಮಾಡ್ತಿದೀನಿ. ಇವತ್ತು ಎದ್ದೆ, ನೋಡ್ದೆ, ಎಲ್ಲಾ ಕ್ಲಿಯರ್."

ಆಂಟಿ ಅಷ್ಟು ಸುಲಭಕ್ಕೆ ನಂಬುವವರಲ್ಲ. ತಾವು ತಂದಿದ್ದ ಬಿಸಿಬೇಳೆಭಾತ್ ಪುಡಿಯ ಪೊಟ್ಟಣವನ್ನು ದೂರದಿಂದ ಎತ್ತಿ ಹಿಡಿದು, "ಇದರ ಮೇಲಿರೋ ಸಣ್ಣ ಅಕ್ಷರ ಓದು ನೋಡೋಣ" ಎಂದರು.

ಪ್ರಹ್ಲಾದ ಓದಿದ. "ಆಂಟಿ, ಇದು ಹೋದ ವರ್ಷವೇ ಎಕ್ಸ್‌ಪೈರ್ ಆಗಿದೆ."

ಆಂಟಿ ಪೊಟ್ಟಣವನ್ನು ಥಟ್ಟನೆ ಚೀಲಕ್ಕೆ ಸೇರಿಸಿ, "ಅಬ್ಬಬ್ಬಾ, ಏನು ದೃಷ್ಟಿ!" ಎಂದರು. ಅಲ್ಲಿಗೆ ಪವಾಡ ಸಾಬೀತಾಯಿತು.

ಆಂಟಿಗೆ ಹೇಳಿದ ಸುಳ್ಳನ್ನು ಅವರು ಹೋದ ಮೇಲೆ ಹೆಂಡತಿಯ ಮುಂದೆ ನಗುತ್ತಾ ಬಿಚ್ಚಿಡಬಹುದಿತ್ತು. ಆದರೆ ಬಾಗಿಲು ಹಾಕಿ ಬಂದ ವಸುಂಧರೆಯ ಕಣ್ಣು ತುಂಬಿತ್ತು.

"ಬಾಲ್ಕನೀಲಿ ನಿಂತು ಫೋನ್ ನೋಡ್ತೀರ ಅಂತ ದಿನಾ ಬೈತಿದ್ನಲ್ರೀ. ಒಂದ್ ಮಾತೂ ತಿರುಗಿ ಹೇಳ್ಲಿಲ್ಲ ನೀವು," ಎಂದಳು. "ನೋಡಿ, ಮದುವೆ ಆದಾಗಿಂದ ನೀವು ಶುರು ಮಾಡಿ ಪೂರ್ತಿ ಮುಗಿಸಿದ್ದು ಇದೊಂದೇ."

ಮಾತು ನಿಜ. ಜಪಾನಿ ಕ್ಲಾಸು ಅರ್ಧದಲ್ಲಿ ನಿಂತಿತ್ತು, ಕೊಳಲು ಅಲಮಾರಿಯಲ್ಲಿತ್ತು, ಓಡಲೆಂದು ಕೊಂಡ ಶೂ ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಒತ್ತಾಗಿತ್ತು. ವಸುಂಧರಾ ಆಗಲೇ ಮೈಸೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದಳು. ಇಷ್ಟು ದಿನ ಅವನನ್ನು 'ನಮ್ಮ ವಸು ಗಂಡ' ಎನ್ನುತ್ತಿದ್ದ ಅತ್ತೆ ಅಂದು 'ಅಳಿಯಂದಿರು' ಎಂದರು. ಫೋನಿಟ್ಟು ಅವಳು ಅವನ ಕಡೆ ನೋಡಿದ ನೋಟವಿದೆಯಲ್ಲ, ಅಂಥ ನೋಟ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅದನ್ನು ಹೊಸ ಲೆನ್ಸಿನಲ್ಲಿ ರೆಪ್ಪೆ ರೆಪ್ಪೆಯೂ ಕಾಣುವಂತೆ ನೋಡಿದ ಪ್ರಹ್ಲಾದನಿಗೆ ನಿಜ ಹೇಳುವ ಮನಸ್ಸೇ ಬರಲಿಲ್ಲ. ಆ ನೋಟ ಉಳಿಯಬೇಕಾದರೆ ಲೆನ್ಸ್ ಕಣ್ಣಲ್ಲೇ ಇರಬೇಕು. ತೆಗೆದರೆ ಗೋಡೆ ಹಿಡಿದು ನಡೆಯಬೇಕಾಗುತ್ತದೆ, ಗುಟ್ಟು ರಟ್ಟಾಗುತ್ತದೆ. ಹೀಗೆ ನಮ್ಮ ಪ್ರಹ್ಲಾದ ಹಗಲೂ ರಾತ್ರಿ ಲೆನ್ಸಿನಲ್ಲೇ ವಾಸ ಮಾಡತೊಡಗಿದ.

ಮಾರನೆಯ ದಿನದಿಂದ ವಸುಂಧರಾ ಬೇಗ ಎದ್ದು ಬಾಲ್ಕನಿಯಲ್ಲಿ ಚಾಪೆ ಹಾಸಿ, ತುಪ್ಪದ ದೀಪ ಹಚ್ಚಿಟ್ಟು, "ಬನ್ನಿ, ನಿಮ್ಮ ಸಾಧನೆಗೆ ಹೊತ್ತಾಯ್ತು" ಎಂದು ಎಬ್ಬಿಸತೊಡಗಿದಳು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದೆಂದರೆ ಇದೇ. ರಾತ್ರಿಯಿಡೀ ಲೆನ್ಸ್ ಅಂಟಿದ್ದ ಕಣ್ಣು ಮರಳು ತುಂಬಿದಂತೆ ಕರಕರ ಎನ್ನುತ್ತಿರುವಾಗ, ಮಾರ್ಚಿ ತಿಂಗಳ ಚಳಿಯಲ್ಲಿ ಕೂತು, ಅವನು ರೆಪ್ಪೆ ಬಡಿಯದೆ ದೀಪ ನೋಡುತ್ತಿದ್ದ. ಆರು ತಿಂಗಳು ಮಾಡಿದೆನೆಂದು ಹೇಳಿದ್ದನ್ನು ಈಗ ಕೂತು ಮಾಡಬೇಕಾಗಿ ಬಂತು.

ಒಂದು ದಿನ ಉರಿ ತಡೆಯದಾದಾಗ ಲೆನ್ಸನ್ನು ತೊಳೆಯಲೇಬೇಕೆನಿಸಿತು. ಲೆನ್ಸಿನ ದ್ರಾವಣದ ಬಾಟಲಿ ಮನೆಯಲ್ಲಿಟ್ಟರೆ ಸಿಕ್ಕಿಬೀಳುತ್ತಾನೆ. ನಲ್ಲಿ ನೀರಿಗೆ ಕೆಂಪು ಗೀಟಿದ್ದದ್ದು ಮಸುಕಾಗಿ ನೆನಪಾಯಿತು. ದೇವರ ಮನೆಯೆಂದು ಕರೆಯುವ ಅಡುಗೆಮನೆಯ ಮೂಲೆಯ ಗೂಡಿನಲ್ಲಿ ಪಂಚಪಾತ್ರೆ ಕಣ್ಣಿಗೆ ಬಿತ್ತು. ಸಕಲ ಪಾಪಗಳನ್ನೂ ತೊಳೆಯುವ ತೀರ್ಥ ಒಂದು ಚೂರು ಪ್ಲಾಸ್ಟಿಕ್ಕನ್ನು ತೊಳೆಯಲಾರದೇ ಎಂದು ಇಂಜಿನಿಯರ್ ಪ್ರಹ್ಲಾದ ತರ್ಕಿಸಿದ. ಒಂದು ಉದ್ಧರಣೆ ತೀರ್ಥದಲ್ಲಿ ಲೆನ್ಸನ್ನು ಅದ್ದಿ ತೆಗೆದು ಎಡಗಣ್ಣಿಗೆ ಹಾಕಿಕೊಂಡ. ವಸುಂಧರಾ ತೀರ್ಥಕ್ಕೆ ಪಚ್ಚಕರ್ಪೂರ ಹಾಕುತ್ತಾಳೆಂಬುದು ಆಗ ಅವನಿಗೆ ಅರಿವಾಯಿತು.

ಕೂಗುವಂತಿರಲಿಲ್ಲ. ದೋಸೆ ಮಗುಚುವ ಕೈ ಹಿಡಿದುಕೊಂಡು ಒಂದೇ ಕಾಲಿನ ಮೇಲೆ ಅಡುಗೆಮನೆಯಲ್ಲಿ ಎರಡು ಸುತ್ತು ಹಾಕಿದ. "ಏನ್ರೀ ಅದು?" ಎಂದು ವಸುಂಧರಾ ರೂಮಿನಿಂದ ಕೇಳಿದಾಗ, "ಆಸನ" ಎಂದ.

ಕಣ್ಣು ಕೆಂಪಾಯಿತು. ಅದಕ್ಕೆ ಒಬ್ಬೊಬ್ಬರು ಒಂದೊಂದು ವ್ಯಾಖ್ಯಾನ ಕೊಟ್ಟರು. ಚಂದ್ರಪ್ರಭಾ ಆಂಟಿ ಲಿಫ್ಟಿನಲ್ಲಿ ನೋಡಿ, "ಒಳಗಿನ ವಿಷ ಎಲ್ಲಾ ಹೊರಗೆ ಬರ್ತಿದೆ ಕಣೋ, ಬಿಡ್ಬೇಡ" ಎಂದರು. ಆಫೀಸಿನಲ್ಲಿ ಮೊದಲು ಪರಾಗದ ಅಲರ್ಜಿ ಎಂದರು, ಏಕೆಂದರೆ ಆ ಕಾಲದಲ್ಲಿ ಅರ್ಧ ಟೋಕಿಯೋ ಸೀನುತ್ತಿರುತ್ತದೆ. ಆದರೆ ಪ್ರಹ್ಲಾದ ಸೀನಲಿಲ್ಲ, ಬರೀ ಕಣ್ಣೀರು ಸುರಿಸಿದ. ಟ್ಯೂಬ್‌ಲೈಟ್ ಕೆಳಗೆ ಕೂತರೆ ಧಾರಾಕಾರ. ಸೀನದೆ ಅಳುವ ಮನುಷ್ಯನನ್ನು ಕಂಡು ಜಪಾನಿ ಸಹೋದ್ಯೋಗಿಗಳು ಹೌಹಾರಿದರು, ಆದರೆ ಯಾರೂ ಕೇಳಲಿಲ್ಲ. ಅಲ್ಲಿ ಕೇಳುವ ಪದ್ಧತಿಯಿಲ್ಲ. ಅವನ ಮೇಜಿನ ಮೇಲೆ ಸದ್ದಿಲ್ಲದೆ ಟಿಶ್ಯೂ ಡಬ್ಬಿಗಳು, ಹಸಿರು ಟೀ, ಊರೂರಿನ ಸಿಹಿ ತಿಂಡಿಗಳು ಕೂಡತೊಡಗಿದವು.

ಕೊನೆಗೆ ಹಿರಾನೊ ಸಾನ್ ಅವನನ್ನು ಮೀಟಿಂಗ್ ರೂಮಿಗೆ ಕರೆದು, ಬಾಗಿಲು ಹಾಕಿ, ನಿಂತುಕೊಂಡೇ ಸೊಂಟದವರೆಗೆ ಬಾಗಿದರು. ಅವರ ಜಪಾನಿ ಮಾತನ್ನು ಕನ್ನಡಕ್ಕೆ ತಂದರೆ ಸುಮಾರು ಹೀಗಾಗುತ್ತದೆ: "ಪ್ರಹ್ಲಾದ್ ಸಾನ್, ಈ ಸಾಫ್ಟ್‌ವೇರ್ ರಿಲೀಸಿನ ಭಾರವನ್ನೆಲ್ಲ ನಿಮ್ಮೊಬ್ಬರ ಮೇಲೆ ಹೊರಿಸಿ ನಿಮ್ಮ ಮನಸ್ಸನ್ನು ಈ ಸ್ಥಿತಿಗೆ ತಂದ ನನ್ನ ಅಯೋಗ್ಯತೆಯನ್ನು ದಯವಿಟ್ಟು ಮನ್ನಿಸಬೇಕು."

ಇಲ್ಲ ಸಾರ್, ಇದು ಲೆನ್ಸ್ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹಿರಾನೊ ಸಾನ್ ಅವನ ಓವರ್‌ಟೈಮನ್ನೆಲ್ಲ ರದ್ದು ಮಾಡಿರುವುದಾಗಿ ಹೇಳಿದರು. ಪ್ರಹ್ಲಾದ ಬಾಯಿ ಮುಚ್ಚಿಕೊಂಡ. ಹೃದಯ ತುಂಬಿ ಬಂದವನಂತೆ ಕಾಣಲು ಅವನು ಬೇರೇನೂ ಮಾಡಬೇಕಾಗಿರಲಿಲ್ಲ, ಕಣ್ಣೀರು ಆಗಲೇ ಹರಿಯುತ್ತಿತ್ತು. ಇಷ್ಟೊಂದು ಮರ್ಯಾದೆಗೆ ಪ್ರತಿಯಾಗಿ ಏನಾದರೂ ಕೊಡಬೇಕಲ್ಲ ಎಂದು, ಬಳಗದ ಯುಗಾದಿ ಹಬ್ಬಕ್ಕೆ ಬನ್ನಿ ಎಂದು ಅವರನ್ನು ಕರೆದುಬಿಟ್ಟ.

ಯುಗಾದಿ ಕಾರ್ಯಕ್ರಮದಲ್ಲಿ 'ಪ್ರಹ್ಲಾದ ಅವರಿಂದ ತ್ರಾಟಕ ಪ್ರಾತ್ಯಕ್ಷಿಕೆ' ಎಂದು ಚಂದ್ರಪ್ರಭಾ ಆಂಟಿ ವಾಟ್ಸಾಪಿನಲ್ಲಿ ಹಾಕಿದ್ದು ಅದರ ಮರುದಿನ.

ಅಷ್ಟರಲ್ಲಿ ಎಡಗಣ್ಣು ಬರೀ ಉರಿಯುವುದನ್ನು ಬಿಟ್ಟು ನೋಯತೊಡಗಿತ್ತು. ಬೆಳಕು ಕಂಡರೆ ಸೂಜಿ ಚುಚ್ಚಿದ ಹಾಗೆ. ಲೆನ್ಸ್ ಇದ್ದರೂ ಆ ಕಡೆ ಮಂಜು. ಫೋನಿನಲ್ಲಿ ಹುಡುಕಿದರೆ, ಲೆನ್ಸಿನಲ್ಲೇ ಮಲಗಿ ದೃಷ್ಟಿ ಕಳೆದುಕೊಂಡವರ ಕಥೆಗಳು ಬಂದವು. ಪ್ರಹ್ಲಾದನಿಗೆ ನಿಜವಾಗಿ ಭಯವಾಯಿತು. ಡಾಕ್ಟರ ಹತ್ತಿರ ಹೋದರೆ ಕಣ್ಣು ಉಳಿಯುತ್ತದೆ, ಆ ನೋಟ ಹೋಗುತ್ತದೆ. ಹೋಗದಿದ್ದರೆ ನೋಟ ಉಳಿಯುತ್ತದೆ, ಅದನ್ನು ನೋಡುವ ಕಣ್ಣೇ ಇರುವುದಿಲ್ಲ. ಇಷ್ಟು ಸುಲಭದ ಲೆಕ್ಕವನ್ನು ಯಾವ ದಡ್ಡನೂ ಬಿಡಿಸುತ್ತಿದ್ದ. ನಮ್ಮವನು ಯುಗಾದಿ ಒಂದು ಮುಗಿಯಲಿ ಎಂದು ಮುಂದಕ್ಕೆ ಹಾಕಿದ.

ಯುಗಾದಿ ನಡೆದದ್ದು ಭಾನುವಾರ, ವಾರ್ಡಿನ ಸಾರ್ವಜನಿಕ ಸಭಾಂಗಣದಲ್ಲಿ. ಬೇವು ಬೆಲ್ಲ ಹಂಚಿ ಮುಗಿಯಿತು. ಹಿರಾನೊ ಸಾನ್ ಬೇವನ್ನು ಅಗಿದು ಮುಖದ ಒಂದು ಗೆರೆಯೂ ಕದಲದಂತೆ "ಓಯ್ಶೀ" ಎಂದರು, ರುಚಿಯಾಗಿದೆಯಂತೆ. ಆಂಟಿ ದೀಪ ಹಚ್ಚಲು ಕಡ್ಡಿ ಗೀರಿದ್ದೇ ತಡ, ಸಭಾಂಗಣದ ಮೇಲ್ವಿಚಾರಕರು ಓಡಿ ಬಂದು ಎರಡೂ ತೋಳನ್ನು ಎದೆಯ ಮುಂದೆ ಕತ್ತರಿಯಾಗಿಸಿ ನಿಂತರು. ಒಳಗೆ ಬೆಂಕಿ ಕೂಡದು. ಆಂಟಿ ವಾದಿಸಿದರು, ಮೇಲ್ವಿಚಾರಕರು ಬಾಗಿದರು. ಆಂಟಿ ಹೆಚ್ಚು ವಾದಿಸಿದಷ್ಟೂ ಅವರು ಹೆಚ್ಚು ಬಾಗಿದರು, ಕತ್ತರಿ ಮಾತ್ರ ಬಿಡಿಸಲಿಲ್ಲ. ಕೊನೆಗೆ ಅಲಂಕಾರಕ್ಕೆಂದು ತಂದಿದ್ದ ಬ್ಯಾಟರಿ ಮೇಣದಬತ್ತಿಯೊಂದನ್ನು ಸ್ಟೂಲಿನ ಮೇಲಿಟ್ಟು ಗುಂಡಿ ಒತ್ತಿದರು. ಬಳಗದ ಸಮಸ್ತ ಕನ್ನಡಿಗರೂ ಆ ಪ್ಲಾಸ್ಟಿಕ್ ಜ್ಯೋತಿಯನ್ನು ರೆಪ್ಪೆ ಬಡಿಯದೆ ನೋಡತೊಡಗಿದರು.

ವೇದಿಕೆಯ ದೊಡ್ಡ ದೀಪಗಳು ಪ್ರಹ್ಲಾದನ ಮುಖಕ್ಕೇ ಬಿದ್ದಿದ್ದವು. ಎಡಗಣ್ಣು ತಾನಾಗಿ ಮುಚ್ಚಿಹೋಯಿತು. ಬಲಗಣ್ಣಿನಲ್ಲಿ ಮುಂದಿನ ಸಾಲು ಕಂಡಿತು: ಹಸಿರು ರೇಷ್ಮೆ ಸೀರೆಯಲ್ಲಿ ವಸುಂಧರಾ, ಅದೇ ನೋಟ. ಅವಳ ಪಕ್ಕದಿಂದ ಬಿಳಿ ಪಂಚೆಯ ಹಿರಿಯರೊಬ್ಬರು ಎದ್ದು ನಿಂತರು. ಅವರು ಶ್ರೀಹರ್ಷನ ತಂದೆ ನಂಜುಂಡಸ್ವಾಮಿ, ಮಗನ ಮನೆಗೆಂದು ಚನ್ನಪಟ್ಟಣದಿಂದ ಬಂದವರು.

"ಒಂದ್ ಮಾತು ಹೇಳ್ಬೇಕು ಸಾಮೀ," ಎಂದು ಕೈ ಮುಗಿದರು. "ನಂಗೆ ಗ್ಲಾಕೋಮಾ. ಕಣ್ಣಿನ ಪ್ರೆಷರ್ರು. ಏಳೆಂಟು ವರ್ಷದಿಂದ ದಿನಾ ಡ್ರಾಪ್ಸ್ ಬಿಡ್ಕೊಂಡು ಸಾಕಾಗೋಗಿತ್ತು. ನಿಮ್ ವಿಷ್ಯ ಕೇಳ್ದೆ ನೋಡಿ, ಹೋದ್ವಾರದಿಂದ ಡ್ರಾಪ್ಸ್ ಎತ್ತಿ ಬಿಸಾಕ್ಬಿಟ್ಟೆ. ಈಗ ಬರೀ ತ್ರಾಟಕ. ನಿಮ್ಮಿಂದ ಉದ್ಧಾರ ಆದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಶ್ರೀಹರ್ಷ ಮಾತ್ರ ತಟ್ಟಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು. ಅವನಿಗೂ ಈಗಲೇ ಗೊತ್ತಾದದ್ದು.

ಪ್ರಹ್ಲಾದ ಮೈಕನ್ನು ಹತ್ತಿರಕ್ಕೆಳೆದುಕೊಂಡ. ತನ್ನ ಕಣ್ಣನ್ನು ಹಾಳು ಮಾಡಿಕೊಳ್ಳಲು ತನಗೆ ಹಕ್ಕಿದೆಯೆಂದು ಅವನು ಹೇಗೋ ಒಪ್ಪಿಸಿಕೊಂಡಿದ್ದ. ಈ ಮುದುಕರ ಕಣ್ಣು ಅವನ ಲೆಕ್ಕದಲ್ಲಿ ಇರಲಿಲ್ಲ. ವಸುಂಧರೆಯ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿಕೊಂಡ. ಇನ್ನು ಆ ಮುಖ ಹಾಗೆ ಕಾಣುವುದಿಲ್ಲ.

"ಯಜಮಾನ್ರೇ, ಇವತ್ತೇ ಡ್ರಾಪ್ಸ್ ಶುರು ಮಾಡಿ," ಎಂದ ಮೈಕಿನಲ್ಲಿ. "ನಾನು ಹೇಳಿದ್ದು ಸುಳ್ಳು. ತ್ರಾಟಕದಿಂದ ನನಗೇನೂ ಆಗಿಲ್ಲ. ನಾನು ಲೆನ್ಸ್ ಹಾಕ್ಕೊಂಡಿದೀನಿ."

ಚಂದ್ರಪ್ರಭಾ ಆಂಟಿ ನಿಧಾನವಾಗಿ ಮುಂದೆ ಬಂದು ಮೈಕ್ ತೆಗೆದುಕೊಂಡರು. "ಕೇಳಿದ್ರಾ?" ಎಂದರು ಗದ್ಗದಿತರಾಗಿ. "ಇದು ಸಾಧಕನ ಲಕ್ಷಣ. ನನ್ನದೇನೂ ಇಲ್ಲ, ನನ್ನದೇನೂ ಇಲ್ಲ ಅಂತಾನೇ ಅವರು ಹೇಳೋದು."

ಚಪ್ಪಾಳೆ ಮೊದಲಿಗಿಂತ ಜೋರಾಯಿತು. ಒಂದಕ್ಷರ ಅರ್ಥವಾಗದ ಹಿರಾನೊ ಸಾನ್ ಕೂಡ ಎದ್ದು ನಿಂತು ತಟ್ಟಿದರು.

"ವಿನಯ ಅಲ್ಲಾ ಆಂಟಿ! ನಿಜವಾಗ್ಲೂ ಲೆನ್ಸ್!"

"ದೊಡ್ಡೋರು ಹಿಂಗೇ ಪರೀಕ್ಷೆ ಮಾಡೋದು," ಎಂದರು ನಂಜುಂಡಸ್ವಾಮಿ ಪಕ್ಕದವರಿಗೆ. "ನಾನ್ ತ್ರಾಟಕ ಬಿಡಾಕಿಲ್ಲ."

ಸುಳ್ಳು ಹೇಳಿದಾಗ ಒಂದು ಮಾತಿಗೆ ನಂಬಿದ ಜನ ನಿಜ ಹೇಳಿದರೆ ನಂಬುತ್ತಿಲ್ಲ. ಪ್ರಹ್ಲಾದನಿಗೆ ಬೇರೆ ದಾರಿ ಉಳಿಯಲಿಲ್ಲ. ತುಂಬಿದ ಸಭೆಯಲ್ಲಿ ಬಲಗಣ್ಣಿಗೆ ಬೆರಳು ಹಾಕಿದ. ಮುಂದಿನ ಸಾಲಿನ ಹೆಂಗಸರು "ಅಯ್ಯಯ್ಯೋ" ಎಂದು ಮುಖ ತಿರುಗಿಸಿದರು. ಲೆನ್ಸನ್ನು ಎರಡು ಬೆರಳಲ್ಲಿ ಹಿಡಿದು ಮೇಲೆತ್ತಿದ. "ನೋಡಿ!"

ಎಲ್ಲರೂ ಕತ್ತು ಚಾಚಿ ನೋಡಿದರು. ಲೆನ್ಸ್ ಪಾರದರ್ಶಕ. ಯಾರಿಗೂ ಏನೂ ಕಾಣಲಿಲ್ಲ.

"ಖಾಲಿ ಕೈ!" ಎಂದರು ಚಂದ್ರಪ್ರಭಾ ಆಂಟಿ ಬೆರಗಾಗಿ. "ಏನೂ ಇಲ್ಲ ಅಂತ ತೋರಿಸ್ತಿದಾನೆ. ಎಂಥಾ ಅರ್ಥ ನೋಡಿ!"

ಆ ಅರ್ಥದ ಭಾರಕ್ಕೋ ಏನೋ ಲೆನ್ಸ್ ಅವನ ಬೆರಳಿಂದ ಜಾರಿ ಕೆಳಗೆ ಬಿತ್ತು. ಆ ಕ್ಷಣ ಹಿರಾನೊ ಸಾನ್ ಬೆಂಚು ಬೀಳುವಂತೆ ಮುಂದಕ್ಕೆ ಹಾರಿ, "ಉಗೊಕಾನಾಯ್ದೆ!" ಎಂದು ಕಿರುಚಿದರು. ಅಲುಗಾಡಬೇಡಿ ಎಂದು ಅದರರ್ಥ. ಹಿರಾನೊ ಸಾನ್ ದನಿಯೇರಿಸಿದ್ದನ್ನು ಶಿನಾಗಾವಾ ಆಫೀಸಿನಲ್ಲಿ ಯಾರೂ ಕೇಳಿರಲಿಲ್ಲ. ರೇಷ್ಮೆ ಸೀರೆಗಳೂ ಜುಬ್ಬಾಗಳೂ ಇದ್ದಲ್ಲೇ ಕಲ್ಲಾದವು. ಎತ್ತಿದ ಕಾಲನ್ನು ಇಳಿಸದೆ ಚಂದ್ರಪ್ರಭಾ ಆಂಟಿ ಮೈಕ್ ಸ್ಟ್ಯಾಂಡನ್ನು ತಬ್ಬಿಕೊಂಡರು. ಕೋಟು ಟೈ ತೊಟ್ಟ ಹಿರಾನೊ ಸಾನ್ ಮಂಡಿಯೂರಿ, ಫೋನಿನ ಬೆಳಕನ್ನು ನೆಲಕ್ಕೆ ಓರೆಯಾಗಿ ಹಿಡಿದು, ಹಲಗೆ ಹಲಗೆಯನ್ನೇ ಶೋಧಿಸಿದರು. ಕಾಲೇಜಿನ ಕಾಲದಿಂದ ತಾವೂ ಲೆನ್ಸ್ ಹಾಕುವವರೆಂದು ಆಮೇಲೆ ತಿಳಿಯಿತು. ಸಿಕ್ಕಿದ ಲೆನ್ಸನ್ನು ಬಿಳಿಯ ಕರವಸ್ತ್ರದ ಮೇಲಿಟ್ಟು, ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ, "ಪ್ರಹ್ಲಾದ್ ಸಾನ್, ನಿಮ್ಮ ಕಾಂಟ್ಯಾಕ್ಟ್" ಎಂದು ಒಪ್ಪಿಸಿದರು.

ಜಪಾನಿ ಮ್ಯಾನೇಜರೊಬ್ಬರು ಬಾಗಿ ಕೊಟ್ಟದ್ದನ್ನು ಇಲ್ಲವೆನ್ನುವ ಧೈರ್ಯ ಆಂಟಿಗೂ ಇರಲಿಲ್ಲ. ಸಭೆಗೆ ಸಭೆಯೇ ಒಮ್ಮೆ "ಓ" ಎಂದಿತು. ನಂಜುಂಡಸ್ವಾಮಿಯವರು, "ಲೇ ಹರ್ಷ, ಮನೆಗ್ ನಡಿ, ಡ್ರಾಪ್ಸ್ ಆ ಕಸದ ಡಬ್ಬೀಲೇ ಐತೇನೋ ನೋಡಾಣ" ಎಂದು ಎದ್ದರು. "ಅಪ್ಪಾ, ಹೊಸದು ತರೋಣ, ಬನ್ನಿ," ಎಂದು ಶ್ರೀಹರ್ಷ ಅವರ ಕೈ ಹಿಡಿದುಕೊಂಡ. ಪ್ರಹ್ಲಾದ ವಸುಂಧರೆಗಾಗಿ ಹುಡುಕಿದ. ಬಲಗಣ್ಣಿಗೆ ಲೆನ್ಸಿಲ್ಲ, ಎಡಗಣ್ಣು ತೆರೆಯುತ್ತಿಲ್ಲ. ಒಂದು ಹಸಿರು ಬಣ್ಣ ಮಾತ್ರ ಕಂಡಿತು. ಆ ಹಸಿರು ಸ್ವಲ್ಪ ಹೊತ್ತು ನಿಂತಲ್ಲೇ ನಿಂತು, ಆಮೇಲೆ ಬಾಗಿಲ ಕಡೆ ಹೋಯಿತು.

ಹಿರಾನೊ ಸಾನ್ ಅವನ ಎಡಗಣ್ಣನ್ನು ಹತ್ತಿರದಿಂದ ನೋಡಿದರು. ಕಪ್ಪುಗುಡ್ಡೆಯ ಅಂಚಿನಲ್ಲಿ ಸಣ್ಣದೊಂದು ಬಿಳಿ ಚುಕ್ಕೆ. "ಮುಟ್ಟಬೇಡಿ, ಉಜ್ಜಬೇಡಿ. ಈಗಲೇ ಡಾಕ್ಟರು," ಎಂದು ಭಾನುವಾರವೂ ತೆರೆದಿರುವ ಕಣ್ಣಿನ ಕ್ಲಿನಿಕ್ಕಿಗೆ ಫೋನ್ ಮಾಡಿದರು. ಮೆಟ್ಟಿಲ ಹತ್ತಿರ ತಡವರಿಸುತ್ತಿದ್ದಾಗ ಯಾರೋ ಅವನ ಮೊಣಕೈಯನ್ನು ಗಟ್ಟಿಯಾಗಿ, ಬೇಕಾದ್ದಕ್ಕಿಂತ ಗಟ್ಟಿಯಾಗಿ ಹಿಡಿದುಕೊಂಡರು. ಬಳೆ ಸದ್ದಾಯಿತು. ವಸುಂಧರಾ ದಾರಿಯುದ್ದಕ್ಕೂ ಆ ಹಿಡಿತ ಸಡಿಲಿಸಲಿಲ್ಲ.

ಕ್ಲಿನಿಕ್ಕಿನ ಡಾಕ್ಟರ್ ಮಿಜುತಾನಿ ಎಂಬ ಹೆಂಗಸು ಹನಿ ಬಿಟ್ಟು, ಲೆನ್ಸನ್ನು ಮೃದುವಾಗಿ ಬಿಡಿಸಿ ತೆಗೆದು, ಯಂತ್ರದಲ್ಲಿ ನೋಡಿ, ಉದ್ದವಾಗಿ ಉಸಿರೆಳೆದುಕೊಂಡರು. ವಸುಂಧರೆಯ ಜಪಾನಿ ಭಾಷೆ ಗಂಡನದಕ್ಕಿಂತ ಚೆನ್ನಾಗಿತ್ತು, ಅವಳು ಕ್ಲಾಸು ಮುಗಿಸಿದ್ದಳು. ಹೀಗಾಗಿ ವಿಚಾರಣೆ ಅವಳ ಮೂಲಕವೇ ನಡೆಯಿತು.

"ಹಾಕ್ಕೊಂಡೇ ಮಲಗ್ತಿದ್ರಾ ಅಂತ ಕೇಳ್ತಿದಾರೆ."

"ಹೂಂ."

"ಯಾವಾಗ್ಲಾದ್ರೂ ಒಂದೊಂದ್ ದಿನವಾ ಅಂತೆ."

"ದಿನಾ."

ವಸುಂಧರಾ ಅನುವಾದಿಸಿದಳು. ಡಾಕ್ಟರ್ ಇನ್ನೊಂದು ಪ್ರಶ್ನೆ ಕೇಳಿದರು.

"ಯಾವುದರಲ್ಲಿ ತೊಳೀತಿದ್ರಿ?"

ಪ್ರಹ್ಲಾದ ನೆಲ ನೋಡಿದ. "ತೀರ್ಥದಲ್ಲಿ."

ವಸುಂಧರಾ ಇದನ್ನು ತಕ್ಷಣ ಅನುವಾದಿಸಲಿಲ್ಲ. "ನನ್ನ ದೇವರ ತೀರ್ಥದಲ್ಲಾ?" ಎಂದು ಕನ್ನಡದಲ್ಲೇ ಕೇಳಿದಳು. ಅವನು ತಲೆಯಾಡಿಸಿದ. ಅವಳು ಡಾಕ್ಟರಿಗೆ ಹೇಳಿದಳು. ಅದು ಯಾವ ಕಂಪನಿಯ ದ್ರಾವಣ, ತಮಗೆ ಗೊತ್ತಿಲ್ಲವಲ್ಲ ಎಂದು ಡಾಕ್ಟರ್ ಗಂಭೀರವಾಗಿ ವಿಚಾರಿಸಿದರು. ಅವಳು ಬಹಳ ಹೊತ್ತು ವಿವರಿಸಬೇಕಾಯಿತು, ಪಚ್ಚಕರ್ಪೂರದ ಹತ್ತಿರ ಕೈಸನ್ನೆಯನ್ನೂ ಮಾಡಿದಳು. ಡಾಕ್ಟರ್ ಕೊನೆಗೆ ತಲೆದೂಗಿ ಹೇಳಿದರು: "ದೇವರ ನೀರು ನಮ್ಮ ಗುಡಿಗಳಲ್ಲೂ ಇರುತ್ತದೆ. ಅದರಲ್ಲಿ ಕೈ ಬಾಯಿ ತೊಳೆಯುತ್ತೇವೆ. ಲೆನ್ಸ್ ತೊಳೆಯುವುದಿಲ್ಲ."

ಕಪ್ಪುಗುಡ್ಡೆಯ ಮೇಲೆ ಹುಣ್ಣಾಗಿತ್ತು. ಸ್ವಲ್ಪ ದಿನ ತಡವಾಗಿದ್ದರೆ ಕಲೆ ಉಳಿದು ದೃಷ್ಟಿಗೇ ಸಂಚಕಾರ ಬರುತ್ತಿತ್ತು. ಈಗ ಬಿಡದೆ ಔಷಧಿ ಹಾಕಿದರೆ ಉಳಿಯುತ್ತದೆ ಎಂದರು ಡಾಕ್ಟರ್. ಮುಂದೆ ಎಂದಾದರೂ ಲೆನ್ಸ್ ಹಾಕುವುದಾದರೆ ಪಾಲಿಸಬೇಕಾದ್ದನ್ನೂ ಹೇಳಿದರು. ವಸುಂಧರಾ ಒಂದೊಂದಾಗಿ ಒಪ್ಪಿಸಿದಳು.

"ಮೊದ್ಲು ಕಣ್ಣು ಅಳೆಸ್ಕೊಂಡು ಡಾಕ್ಟ್ರು ಕೊಟ್ಟ ಲೆನ್ಸೇ ಹಾಕ್ಬೇಕು. ಸೋಪಲ್ಲಿ ಕೈ ತೊಳ್ದು ಒರೆಸ್ಕೊಂಡೇ ಲೆನ್ಸ್ ಮುಟ್ಬೇಕು. ದಿನಾ ತೆಗೆದಾಗ ಹೊಸಾ ದ್ರಾವಣದಲ್ಲಿ ಉಜ್ಜಿ ತೊಳೀಬೇಕು, ಯಾವ ನೀರೂ ತಾಗಿಸ್ಬಾರ್ದು. ಮಲಗೋ ಮುಂಚೆ ತೆಗೀಬೇಕು. ಕೆಂಪಾದ್ರೆ ಆಗ್ಲೇ ತೆಗೆದು ಇಲ್ಲಿಗ್ ಬರ್ಬೇಕು. ಕಟ್ಕೊಂಡ ಹೆಂಡತಿಗೆ ಸುಳ್ಳು ಹೇಳ್ಬಾರ್ದು."

"ಕೊನೇದೂ ಡಾಕ್ಟ್ರೇ ಹೇಳಿದ್ರಾ?"

"ಅದು ನಾನ್ ಹೇಳಿದ್ದು."

ಮುಂದಿನ ದಿನಗಳಲ್ಲಿ ಊರು ತನ್ನ ಕೆಲಸ ಮಾಡಿತು. ಪ್ರಹ್ಲಾದನ ಕಣ್ಣು ನೋಡಿದ ಮೊದಲ ದಿನವೇ ತಮಗೆ ಅನುಮಾನವಿತ್ತೆಂದು ಚಂದ್ರಪ್ರಭಾ ಆಂಟಿ ವಾಟ್ಸಾಪಿನಲ್ಲಿ ಬರೆದರು. ಶ್ರೀಹರ್ಷ ಫೋನ್ ಮಾಡಿ, "ಅಪ್ಪನ ಪ್ರೆಷರ್ ಕಂಟ್ರೋಲಲ್ಲಿದೆ ಸಾರ್. ನಿಮಗೆ ಥ್ಯಾಂಕ್ಸ್ ಹೇಳ್ಬೇಕೋ ಬೈಬೇಕೋ ಗೊತ್ತಾಗ್ತಿಲ್ಲ" ಎಂದು ಎರಡನ್ನೂ ಮಾಡಿದ. ಹೊಸ ಹೀರೋಯಿನ್ ಬಂದದ್ದರಿಂದ ಅವನ ದನಿಯಲ್ಲಿ ತುಸು ಹಗುರವೂ ಇತ್ತು. ಹಿರಾನೊ ಸಾನ್, ಲೆನ್ಸ್ ಹಾಕುವವನಾಗಿಯೂ ಲೆನ್ಸಿನ ಕಣ್ಣನ್ನು ಗುರುತಿಸದೆ ಹೋದೆನೆಂದು ಇನ್ನೊಮ್ಮೆ ಬಾಗಿ ಕ್ಷಮೆ ಕೇಳಿದರು.

ವಸುಂಧರಾ ಮಾತ್ರ ಮಾತು ಬಿಟ್ಟಿದ್ದಳು. ಗಂಟೆಗೊಮ್ಮೆ ಹನಿ ಹಾಕುವ ಕೆಲಸ ಅವಳದೇ. ಸೋಪಿನಲ್ಲಿ ಕೈ ತೊಳೆದು ಬರುವಳು. "ಮೇಲೆ ನೋಡಿ" ಎನ್ನುವಳು. ಹನಿ ಬಿಟ್ಟು "ಮುಚ್ಚಿ" ಎನ್ನುವಳು. ಮನೆಯಲ್ಲಿ ಆಡುತ್ತಿದ್ದ ಮಾತು ಅಷ್ಟೇ. ಅವಳು ಬೈದಿದ್ದರೆ ಪ್ರಹ್ಲಾದನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಒಂದು ಮಧ್ಯಾಹ್ನ ಅವನು ಕನ್ನಡಕ ತೆಗೆದು ತಲೆ ಹಿಂದಕ್ಕೆ ಒರಗಿಸಿ ಕೂತಿದ್ದ. ಅವಳು ಬಾಟಲಿ ಹಿಡಿದು ಅವನ ಮೇಲೆ ಬಾಗಿದಳು, ಆದರೆ ಹನಿ ಬಿಡಲಿಲ್ಲ.

"ಆವತ್ತು ಆಂಟಿ ಹೋದ್ಮೇಲಾದ್ರೂ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದಳು.

"ನೀನು ನನ್ನ ಹಂಗೆ ನೋಡಿದ್ದು ಅದೇ ಮೊದಲು ವಸು," ಎಂದ ಪ್ರಹ್ಲಾದ. "ಇನ್ನೊಂದಷ್ಟು ದಿನ ನೋಡ್ಲಿ ಅನ್ನಿಸ್ತು."

ಅವಳ ಮುಖ ಇನ್ನಷ್ಟು ಹತ್ತಿರ ಬಂತು.

"ಈಗ ನೋಡ್ತಿದೀನಲ್ಲ. ಹೇಗ್ ಕಾಣ್ತಿದೀನಿ?"

ಚೆನ್ನಾಗಿ ಕಾಣ್ತಿದೀಯ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗಂಡಂದಿರ ನಾಲಿಗೆಗೆ ಅದು ಅಭ್ಯಾಸ. ಪ್ರಹ್ಲಾದ ಅದನ್ನು ನುಂಗಿಕೊಂಡ.

"ನಿಜ ಹೇಳ್ಬೇಕಂದ್ರೆ ಮೂಗೊಂದೇ ಕಾಣ್ತಿರೋದು. ಅದೂ ಎರಡಿದೆ."

ಆ ಸಲದ ಹನಿ ಕಣ್ಣಿಗೆ ಬೀಳಲಿಲ್ಲ, ಕೆನ್ನೆಗೆ ಬಿತ್ತು. ನಗು ತಡೆಯಲಾರದೆ ಅವಳ ಕೈ ಕುಲುಕುತ್ತಿತ್ತು.